ಕ್ಯಾರಿಯರ್ ಸುಂಕ

ಚನ್ನವೀರಪ್ಪನವರಿಗೆ ನಡೆಯಲು ಬರುತ್ತಿರಲಿಲ್ಲ. ಕಾಲು ಚೆನ್ನಾಗಿಯೇ ಇದ್ದವು, ಶಿಕಾರಿಪುರದಲ್ಲಿ ಅಂಥ ಕಾಲು ಇನ್ನೊಬ್ಬರಿಗಿರಲಿಲ್ಲ ಎಂದೇ ಹೇಳಬೇಕು. ಆದರೆ ನೆಲದ ಮೇಲೆ ನಿಂತರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ನಮ್ಮ ಬೀದಿಯ ಎದುರು ಮನೆಗೆ ಸಕ್ಕರೆ ಕೇಳಲು ಹೋಗುವಾಗಲೂ ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಿದ್ದರು. ಮದುವೆ ಮನೆಯಲ್ಲಿ ಊಟದ ಪಂಕ್ತಿಯವರೆಗೆ ನಡೆಯಬೇಕಾಗಿ ಬಂದಾಗ ಅವರ ಮುಖ ಓದದೆ ಪರೀಕ್ಷೆಗೆ ಬಂದ ನನ್ನ ವಿದ್ಯಾರ್ಥಿಗಳ ಮುಖದ ಹಾಗಿರುತ್ತಿತ್ತು.

ಅವರು ನೀರಾವರಿ ಇಲಾಖೆಯಲ್ಲಿ ಸೌಡಿಯಾಗಿದ್ದವರು. ನಾಲೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ನೀರು ಹೋಯಿತು, ಯಾರು ಕದ್ದು ತಿರುಗಿಸಿಕೊಂಡರು ಎಂದು ಏರಿಯ ಮೇಲೆ ದಿನವೆಲ್ಲ ಸೈಕಲ್ಲಿನಲ್ಲಿ ಓಡಾಡಿ ನೋಡುವುದು ಅವರ ಕೆಲಸ. ನಿವೃತ್ತಿಯ ಮರುದಿನ ಬೆಳಿಗ್ಗೆ ಏನು ಮಾಡಬೇಕೆಂದು ತೋಚದೆ ಸೈಕಲ್ ಹತ್ತಿ ಈಸೂರಿಗೆ ಹೋಗಿ ಚಾ ಕುಡಿದು ಬಂದರಂತೆ. ಅದರ ಮರುದಿನ ಶಿರಾಳಕೊಪ್ಪ. ವಾರ ಮುಗಿಯುವಷ್ಟರಲ್ಲಿ ಆನವಟ್ಟಿ, ತಿಂಗಳು ತುಂಬುವಷ್ಟರಲ್ಲಿ ಸೊರಬವನ್ನೂ ದಾಟಿ ಕ್ಯಾಸನೂರು. ಅಲ್ಲಿ ಏನು ಕೆಲಸವಿತ್ತು ಎಂದು ಕೇಳಿದರೆ, "ಕೆಲ್ಸ ಇದ್ದಿದ್ರೆ ಬಸ್ಸಿಗೆ ಹೋಗ್ತಿದ್ದೆ ಬಿಡ್ರಿ ಮೇಷ್ಟ್ರೇ" ಎನ್ನುತ್ತಿದ್ದರು.

ಅವರ ಹೆಂಡತಿ ಗೌರಮ್ಮನವರಿಗೆ ಈ ವೇದಾಂತ ಒಗ್ಗುತ್ತಿರಲಿಲ್ಲ. ಬಿಸಿಲಲ್ಲಿ ಸುಮ್ಮನೆ ತಿರುಗುವುದು ತಲೆಕೆಟ್ಟವರ ಲಕ್ಷಣ, ಸಾಮಾನು ತರಲು ಹೋಗುವುದು ಮನೆವಂದಿಗರ ಲಕ್ಷಣ ಎಂಬುದು ಅವರ ಕಾನೂನು. ಎಲ್ಲಿಗಾದರೂ ಹೋಗಲಿ, ಎಷ್ಟಾದರೂ ತುಳಿಯಲಿ, ಖಾಲಿ ಕ್ಯಾರಿಯರ್ ಹೊತ್ತು ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದುಬಿಟ್ಟರು. ಇದಕ್ಕೆ ಕ್ಯಾರಿಯರ್ ಸುಂಕ ಎಂದು ಹೆಸರಿಟ್ಟವನು ನಾನು. ಚನ್ನವೀರಪ್ಪ ಒಂದು ದಿನವೂ ಸುಂಕ ತಪ್ಪಿಸಲಿಲ್ಲ. ಆನವಟ್ಟಿಯಿಂದ ಮೆಣಸಿನಕಾಯಿ ಬಂತು, ಸೊರಬದ ಕಡೆಯಿಂದ ಅನಾನಸು ಬಂತು. ಏನೂ ಸಿಗದ ದಿನ ದಾರಿಬದಿಯ ಹುಲ್ಲನ್ನಾದರೂ ಕೊಯ್ದು ಹಿತ್ತಲಿನ ಹಸುವಿಗೆ ತರುತ್ತಿದ್ದರು.

ಒಮ್ಮೆ ಶಿವಮೊಗ್ಗದ ಸೈಕಲ್ ಸವಾರರು ಮುನ್ನೂರು ಕಿಲೋಮೀಟರಿನ ಸವಾರಿ ಇಟ್ಟರು. ಇಪ್ಪತ್ತು ಗಂಟೆಯೊಳಗೆ ಮುಗಿಸಬೇಕು. ಬಿಗಿ ಚಡ್ಡಿ ತೊಟ್ಟ, ಬೆರಳಲ್ಲಿ ಎತ್ತಬಹುದಾದ ಸೈಕಲ್ಲುಗಳ ಹುಡುಗರ ನಡುವೆ ನಮ್ಮವರು ಪಂಚೆ ಎತ್ತಿ ಕಟ್ಟಿ, ಕಬ್ಬಿಣದ ಅಟ್ಲಾಸು ಹಿಡಿದು ನಿಂತರು. ಮುಗಿಸಿದರು ಕೂಡ, ಹತ್ತು ನಿಮಿಷ ಬಾಕಿ ಇರುವಾಗ. ಇನ್ನೂ ಬೇಗ ಬರುತ್ತಿದ್ದರು, ಆದರೆ ದಾರಿಯಲ್ಲಿ ಒಳ್ಳೆಯ ಸಿಹಿಗುಂಬಳ ಕಂಡು ಇಳಿದುಬಿಟ್ಟಿದ್ದರು. ಪದಕ ಹಾಕುವವನು ಕ್ಯಾರಿಯರಿನಲ್ಲಿದ್ದ ಕುಂಬಳಕಾಯಿಯನ್ನು ನೋಡಿ ಇದೇಕೆ ಎಂದು ಕೇಳಿದ. "ಪದಕ ನಿಮ್ಮ ಲೆಕ್ಕಕ್ಕೆ, ಇದು ಮನೇಲಿ ಬಾಗ್ಲು ತೆಗ್ಸಾಕೆ" ಎಂದರಂತೆ. ಗೌರಮ್ಮ ಪದಕವನ್ನು ಹಸುವಿನ ಕೊರಳಿಗೆ ಕಟ್ಟಿದರು, ಕುಂಬಳಕಾಯಿಯಲ್ಲಿ ಕಡುಬು ಮಾಡಿ ಬೀದಿಗೆಲ್ಲ ಹಂಚಿದರು.

ನನ್ನನ್ನೂ ಒಮ್ಮೆ ಆನವಟ್ಟಿಗೆ ಎಳೆದುಕೊಂಡು ಹೋಗಿದ್ದರು. ಹೋಗುವಾಗಲೇ ನನ್ನ ಹೆಣ ಬಿತ್ತು, ಬರುವಾಗ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಅವರು ನಗಲಿಲ್ಲ. "ದಾರಿ ಮುಗಿಸ್ಬೇಕು ಅಂತ ಹೊಂಟ್ರೆ ದಾರಿನೇ ನಮ್ಮನ್ನ ಮುಗಿಸ್ತತಿ. ಮುಂದಿನ ಮರ ಬರೋವರೆಗೆ ತುಳೀರಿ, ಅಷ್ಟೇ" ಎಂದರು. ಆ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನನ್ನದೇ ಎಂಬಂತೆ ಹೇಳಿದ್ದೇನೆ.

ಅವರ ಒಬ್ಬಳೇ ಮಗಳು ಶೈಲಾಳನ್ನು ಕ್ಯಾಸನೂರಿನ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ನಾಲ್ಕು ವರ್ಷದ ಹಿಂದೆ, ಚಳಿಗಾಲ ಕಳೆಯುತ್ತಿದ್ದ ಹೊತ್ತು. ಶೈಲಾ ಹಟ ಹಿಡಿದು ಅವ್ವನನ್ನು ನಾಲ್ಕು ದಿನಕ್ಕೆಂದು ಕರೆಸಿಕೊಂಡಳು. ತಾಯಿ ಮಗಳು ಜೊತೆಯಾಗಿ ಕಾಡಿನಂಚಿಗೆ ಹೋಗಿ ಕಟ್ಟಿಗೆಯನ್ನೂ ತಂದರು. ಗೌರಮ್ಮ ಬಸ್ಸಿಗೆ ವಾಪಸಾದ ದಿನವೇ ಚನ್ನವೀರಪ್ಪನವರ ಸವಾರಿಯೂ ಅದೇ ಕಡೆಗೆ ಹೋಗಿತ್ತು. ಸಂಜೆ ಬಂದಾಗ ಕ್ಯಾರಿಯರಿನಲ್ಲಿ ದೊಡ್ಡ ಗೋಣಿಚೀಲದ ತುಂಬ ದರಕು, ಅಂದರೆ ಮರದ ಕೆಳಗೆ ಉದುರಿದ ಒಣ ಎಲೆ. ಕೊಟ್ಟಿಗೆಯಲ್ಲಿ ಹಸುವಿನ ಕಾಲ ಕೆಳಗೆ ಹರಡಿದರೆ ಗೊಬ್ಬರಕ್ಕೆ ಒಳ್ಳೆಯದು. ನಾನು ಬಾಗಿಲಲ್ಲೇ ಇದ್ದೆ. ಕಾಡನ್ನೇ ಕಟ್ಟಿಕೊಂಡು ಬಂದಿರಲ್ಲ ಎಂದು ಗೇಲಿ ಮಾಡುತ್ತ ಚೀಲದ ಒಂದು ತುದಿ ಹಿಡಿದು ಇಳಿಸಿದೆ. ಮರುದಿನ ಬೆಳಿಗ್ಗೆ ಗೌರಮ್ಮ ಅದನ್ನು ಕೈಯಾರೆ ಕೊಟ್ಟಿಗೆಯಲ್ಲಿ ಹರಡಿದರು.

ವಾರ ಕಳೆಯುವಷ್ಟರಲ್ಲಿ ಗೌರಮ್ಮನವರಿಗೆ ಜ್ವರ ಬಂತು. ಮಂಗನ ಕಾಯಿಲೆ ಎಂದು ಗೊತ್ತಾಗುವಷ್ಟರಲ್ಲಿ ಮೈಯಲ್ಲಿ ರಕ್ತ ಒಸರುತ್ತಿತ್ತು. ಚನ್ನವೀರಪ್ಪ ಸೈಕಲ್ಲನ್ನು ಮರೆತು ಹನ್ನೆರಡು ದಿನ ಆಸ್ಪತ್ರೆಯ ಮಂಚದ ಪಕ್ಕ ಕೂತರು. ಹದಿಮೂರನೆಯ ದಿನ ಗೌರಮ್ಮ ಹೋದರು.

ಕಾಡಿನಲ್ಲಿ ಮೈಗೆ ಅಂಟಿ ರಕ್ತ ಹೀರುವ ಉಣುಗು ಎಂಬ ಹುಳ ಕಚ್ಚಿ ಬರುವ ಕಾಯಿಲೆ ಅದು. ಯಾವ ಉಣುಗು, ಎಲ್ಲಿ ಕಚ್ಚಿತು ಎಂದು ಯಾವ ಡಾಕ್ಟರೂ ಹೇಳಲಾರರು. ಆದರೆ ಶೈಲಾಳಿಗೆ ಅನುಮಾನವೇ ಇರಲಿಲ್ಲ. ತಾನು ಕರೆದದ್ದಕ್ಕೆ ಅವ್ವ ಬಂದಳು, ತಾನು ಕಟ್ಟಿಗೆಗೆ ಕರೆದುಕೊಂಡು ಹೋದೆ, ತಾನೇ ಅವ್ವನನ್ನು ಕೊಂದೆ ಎಂದು ಅವಳು ಮಣ್ಣಿನ ದಿನವೇ ಎಲ್ಲರೆದುರು ಅತ್ತಳು. ಚನ್ನವೀರಪ್ಪ ಆಗ ಬಾಯಿ ಬಿಡಲಿಲ್ಲ. ತಿಂಗಳಾದ ಮೇಲೆ ನನ್ನೊಬ್ಬನಿಗೆ ಹೇಳಿದರು.

"ದರಕು ತುಂಬೋವಾಗ ಅಲ್ಲೊಂದು ನಾತ ಬರ್ತಿತ್ತು ಮೇಷ್ಟ್ರೇ. ನಾಯಿ ಸತ್ತಿರ್ಬೇಕು ಅನ್ಕಂಡೆ. ಮೊನ್ನೆ ಹೋಗಿ ನೋಡಿದೆ. ಮಂಗ."

ಸತ್ತ ಮಂಗನ ಮೈಯಿಂದ ಇಳಿದ ಉಣುಗು ಸುತ್ತಲಿನ ಎಲೆಯಲ್ಲಿರುತ್ತದೆ ಎಂದು ಆ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ನಾಲೆಯ ನೀರು ನೋಡಿಕೊಂಡು ಬಾಳಿದ ಬಯಲಿನ ಮನುಷ್ಯ ಅವರು, ಖಾಲಿ ಕ್ಯಾರಿಯರಿಗೆ ಹೆದರಿದ್ದರು, ಎಲೆಗೆ ಹೆದರಬೇಕೆಂದು ತಿಳಿದಿರಲಿಲ್ಲ. ಮಗಳಿಗೆ ಹೇಳಿಬಿಡಿ, ಭಾರ ಇಳಿಯುತ್ತದೆ, ಅವಳ ತಲೆಯ ಮೇಲಿನದೂ ಇಳಿಯುತ್ತದೆ ಎಂದು ನಾನು ಬುದ್ಧಿ ಹೇಳಿದೆ. ಪಾಠ ಹೇಳುವವನಿಗೆ ಬುದ್ಧಿ ಹೇಳುವುದು ಸುಲಭ.

ಅಂದಿನಿಂದ ಪ್ರತಿ ಭಾನುವಾರ ಅವರು ಮಗಳ ಮನೆಗೆ ಸೈಕಲ್ ಹೊಡೆದರು. ಜಗಲಿಯಲ್ಲಿ ಕೂತು ನೀರು ಕುಡಿಯುವರು, ಮಾತು ಬಾಯಿಗೆ ಬಾರದೆ ಎದ್ದು ಬರುವರು. ನೇರ ದಾರಿಯಲ್ಲಿ ಹೋದರೆ ಧೈರ್ಯ ಸಾಲುವುದಿಲ್ಲವೆಂದು ಆನವಟ್ಟಿ ಸುತ್ತಿ ಹೋಗತೊಡಗಿದರು. ಅದೂ ಸಾಲದೆ ಇನ್ನೂ ದೊಡ್ಡ ಸುತ್ತು. ವಯಸ್ಸಾದರೂ ಹಾಗೆ ತುಳಿಯುವುದನ್ನು ಕಂಡು ಊರಿನವರು ಶಾಲು ಹೊದಿಸಿ ಸನ್ಮಾನ ಮಾಡಿದರು. ನಾನು ಆ ಸಭೆಯಲ್ಲಿ ಭಾಷಣ ಮಾಡಿದೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರು ವರ್ಷ ಹೀಗೇ ಕಳೆಯಿತು. ಹೋದ ವರ್ಷ ಬೇಸಿಗೆಯಲ್ಲಿ, ನೀವು ಪಕ್ಕದಲ್ಲಿದ್ದರೆ ಬಾಯಿ ಬಂದೀತು, ಬನ್ನಿ ಎಂದು ಕರೆದರು. ನಾನು ಸ್ಕೂಟರಿನಲ್ಲಿ ಮುಂದಾಗಿ ಹೋಗಿ ಕಾದೆ. ಅವರು ಬಂದು, ಬೆವರು ಕೂಡ ಒರೆಸಿಕೊಳ್ಳದೆ, ನಿಂತಲ್ಲೇ ಎಲ್ಲವನ್ನೂ ಹೇಳಿದರು. ಗೋಣಿಚೀಲ, ನಾತ, ಮಂಗ, ಯಾವುದನ್ನೂ ಬಿಡಲಿಲ್ಲ.

ಶೈಲಾ ಕೇಳಿದಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬರಲಿಲ್ಲ. ಅವಳು ಅಪ್ಪನ ಕೈ ಹಿಡಿದು ಕೂರಿಸಿದಳು.

"ಸಣ್ಣೋಳಿದ್ದಾಗ ನಾನು ಲೋಟ ಒಡೆದ್ರೆ, ನೀವು 'ನಾನೇ ಒಡೆದಿದ್ದು' ಅಂತ ಹೇಳಿ ಅವ್ವನ ಹತ್ರ ಬೈಸ್ಕೊಳ್ತಿದ್ರಿ. ಇದೂ ಹಂಗೇ ಅಂತ ನಂಗೆ ಗೊತ್ತಾಗಲ್ವಾ ಅಪ್ಪಾಜಿ? ಇದು ಲೋಟ ಅಲ್ಲ. ಬಿಡಿ."

ಅವರು ಆಣೆ ಮಾಡಿದರು. ಅವಳು ಇನ್ನಷ್ಟು ಅತ್ತಳು. ತನಗಾಗಿ ಅಪ್ಪ ಸುಳ್ಳು ಆಣೆಯನ್ನೂ ಮಾಡುವಂತಾಯಿತಲ್ಲ ಎಂದು ಆ ಪಾಪವನ್ನೂ ತನ್ನ ತಲೆಗೇ ಕಟ್ಟಿಕೊಂಡಳು. ಬರುವಾಗ ಸೊರಬದ ಹತ್ತಿರ ಒಂದು ಚಾ ಅಂಗಡಿಯಲ್ಲಿ ನಿಂತೆವು. ಚನ್ನವೀರಪ್ಪ ಚಾ ಮುಟ್ಟಲಿಲ್ಲ.

"ಹೇಳಿದ್ರೆ ಭಾರ ಇಳಿತತಿ ಅಂದಿದ್ರಲ್ಲ ಮೇಷ್ಟ್ರೇ" ಎಂದರು. ಅದರಲ್ಲಿ ದೂರು ಇರಲಿಲ್ಲ. ಲೆಕ್ಕ ತಪ್ಪಿದಾಗ ಹುಡುಗರು ಕೇಳುತ್ತಾರಲ್ಲ, ಹಾಗೆ ಕೇಳಿದರು. ಅದೇ ಅವರ ಕೊನೆಯ ಸವಾರಿ. ಸೈಕಲ್ಲು ಹಿತ್ತಲಿಗೆ ಹೋಯಿತು. ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ.

ತೀರಿಕೊಂಡ ಅವರ ಹೆಸರಿನಲ್ಲಿ ಊಟ ಹಾಕಿದ ಶಿವಗಣಾರಾಧನೆಯ ದಿನ ಶೈಲಾ ತಾನೇ ಬಡಿಸುತ್ತಿದ್ದಳು. ನನ್ನ ಎಲೆಯ ಮುಂದೆ ನಿಂತು, ಅಪ್ಪಾಜಿ ಅವತ್ತು ಹೇಳಿದ್ದು ತನ್ನ ಸಮಾಧಾನಕ್ಕೆ ತಾನೇ ಎಂದು ಮೆಲ್ಲಗೆ ಕೇಳಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚೀಲ ಬಂದದ್ದು ನಿಜ, ನಾನೇ ಕೈಯಾರೆ ಇಳಿಸಿದ್ದೇನೆ, ನಿನ್ನ ತಪ್ಪು ಏನೂ ಇಲ್ಲ ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

"ಹೋಗೋಕೆ ಮುಂಚೆ ನಿಮ್ಗೂ ಹೇಳ್ಕೊಟ್ಟು ಹೋಗಿದಾರೆ ಅಲ್ವಾ ಮೇಷ್ಟ್ರೇ" ಎಂದಳು.