ಸಾಹುಕಾರರ ಮೊಣಕಾಲ ಮೇಲೆ ನಮ್ಮಕ್ಕನ ಶಾಲು

ಸನ್ಮಾನಕ್ಕೆ ಹೊದಿಸಿದ ಶಾಲನ್ನು ಯಾರಾದರೂ ವಾಪಸ್ ಕೇಳಿದ್ದು ನೋಡಿದ್ದೀರಾ?

ನಾನು ಕೇಳಿದೆ. ಹೋದ ವಾರ ಸಿರವಾರದಲ್ಲಿ, ಒಬ್ಬ ರೈಸ್ ಮಿಲ್ ಸಾಹುಕಾರರ ಮನೆ ಬಾಗಿಲಲ್ಲಿ ನಿಂತು, 'ಸಾಹುಕಾರ್ರೀ, ಮೊನ್ನಿ ಮಾನ್ವಿಯೊಳಗ ನಿಮಗ ಹೊದಿಸಿದ್ರಲ್ಲ, ಆ ಶಾಲು ಕೊಡ್ರಿ' ಅಂದೆ. ನಗಬೇಡಿ. ಮೊದಲಿಂದ ಹೇಳುತ್ತೇನೆ.

ನಾನು ಗುಟ್ಕಾ ಬಿಟ್ಟೆ. (ಇದು ಮೂರನೇ ಸಲ. ಹೆಂಡತಿ ಲೆಕ್ಕ ಇಟ್ಟಿದ್ದಾಳೆ.) ಬಾಯಿ ಹೇಗೋ ಸುಮ್ಮನಾಯಿತು, ಕೈ ಆಗಲಿಲ್ಲ. ಎರಡು ನಿಮಿಷಕ್ಕೊಮ್ಮೆ ಅಂಗಿ ಜೇಬಿಗೆ ಹೋಗುತ್ತಿತ್ತು. 'ಕೈಗೆ ಏನರೆ ಕೆಲಸ ಕೊಡ್ರಿ' ಅಂದರು ಡಾಕ್ಟರು. ಮನೆಯಲ್ಲಿ ಹುಡುಕಿದರೆ ಸಿಕ್ಕಿದ್ದು ಹೆಂಡತಿ ಯಾವಾಗಲೋ ಬಿಸಾಕಿದ್ದ ಒಂದು ಕ್ರೋಶಾ ಸೂಜಿ. ಯೂಟ್ಯೂಬ್ ಹಚ್ಚಿದೆ, ಉಲ್ಲನ್ ತಂದೆ, ಕೂತೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ತೊಡೆಯ ಮೇಲೆ ಉಲ್ಲನ್ ಹರವಿಕೊಂಡು ಕೂತ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮ ಓಣಿಯವರು ನೋಡಿದರು.

'ಏನ್ ಮಾಡಾಕತ್ತೀರಿ ಸರ್?'

'ಶಾಲು.'

'ಇಲ್ಲಿ? ಯಾರಿಗ್ರೀ?'

ಯಾರಿಗೆ ಅಂದರೆ, ನಮ್ಮಕ್ಕನಿಗೆ. ಮಾನ್ವಿಯ ಶಾಲೆಯಲ್ಲಿ ಟೀಚರ್. ಮೇ ಕೊನೆಗೆ ರಿಟೈರ್ಡ್. ಕ್ರೋಶಾದಲ್ಲಿ ಆಕೆಯನ್ನು ಮೀರಿಸುವವರಿಲ್ಲ. ದೇವದುರ್ಗದ ಆಕೆಯ ಮನೆಯಲ್ಲಿ ಟಿವಿಗೆ ಕವರು, ಫ್ರಿಜ್ಜಿಗೆ ಕವರು, ಮಿಕ್ಸಿಗೆ ಕವರು. ಆಕೆಯ ಗಂಡ ಒಂದು ಕಡೆ ಹೆಚ್ಚು ಹೊತ್ತು ಕೂಡುವುದಿಲ್ಲ. ಹೆದರಿಕೆ ಇದ್ದೀತು.

ಇನ್ನೊಂದು ಮಾತು. ನನಗೀಗ ಐವತ್ತೆರಡು. ಈ ಐವತ್ತೆರಡು ವರ್ಷದಲ್ಲಿ ಅಕ್ಕ ಒಂದು ಸಲವೂ ನನಗೆ 'ಚಲೋ ಮಾಡೀದಿ' ಅಂದಿಲ್ಲ. ಫಸ್ಟ್ ಕ್ಲಾಸ್ ಬಂದಾಗ 'ಗಣಿತದಾಗ ಯಾಕ ಕಡಿಮಿ?' ಅಂದಳು. ಮನೆ ಕಟ್ಟಿದಾಗ 'ಮೆಟ್ಟಲಾ ಎತ್ತರ ಆದ್ವು' ಅಂದಳು. ಈ ಶಾಲಿಗಾದರೂ ಆ ಒಂದು ಮಾತು ಬರಲಿ ಅಂತ ನನ್ನ ಆಸೆ. ಸಣ್ಣ ಆಸೆ ಹೌದಲ್ಲೋ?

ಅದಕ್ಕೇ ಯೂಟ್ಯೂಬಿನ ಡಿಸೈನ್ ಬೇಡ ಅಂತ ನಾನೇ ಬರೆದೆ. ಗ್ರಾಫ್ ಹಾಳೆ ತಂದು, ಚೌಕ ಚೌಕ ತುಂಬಿ, ಅಂಚಿನ ಉದ್ದಕ್ಕೂ ಭತ್ತದ ತೆನೆ. ಮೊದಲ ಮೂರು ತೆನೆ ಮೂಡಿದ ದಿನ ಹೆಂಡತಿ ಕನ್ನಡಕ ಹಾಕಿಕೊಂಡು ಬಂದಳು.

'ಚಂದ ಅದಾವ್ರೀ. ಆದ್ರ ಶಾಲಿನ ಮ್ಯಾಲ ಜಿರಳಿ ಯಾಕ?'

ಬಿಚ್ಚಿದೆ. ಮತ್ತೆ ಹೆಣೆದೆ. ಎರಡನೇ ಸಲ ತೆನೆ ತೆನೆಯಂತೆಯೇ ಬಂತು. ತೊಂಬತ್ತು ಸಾಲು ಮುಗಿಯುವಷ್ಟರಲ್ಲಿ ಜೇಬಿನ ನೆನಪೇ ಹೋಗಿತ್ತು.

ಮಾನ್ವಿಯ ಸಮಾರಂಭ ನಮ್ಮ ಕಡೆಯ ಎಲ್ಲ ಸಮಾರಂಭದ ಹಾಗೇ. ಬಂದವರೆಲ್ಲರ ಕೈಯಲ್ಲೂ ಒಂದು ಶಾಲು, ಒಂದು ಹಾರ. ಎಲ್ಲ ಒಯ್ದು ವೇದಿಕೆಯ ಟೇಬಲ್ ಮೇಲೆ ಇಡುವುದು, ಹೆಸರು ಕರೆದಾಗ ಹೊದಿಸುವುದು. ನಾನೂ ಹೆಡ್ ಮಾಸ್ತರ್ ಕೈಗೆ ಕೊಟ್ಟು, 'ಸರ್, ಇದು ಅಕ್ಕಗ, ನಾನ ಹೊದಿಸ್ತೀನಿ' ಅಂದೆ. 'ಆತು ಬಿಡ್ರಿ' ಅಂದರು. ಅವರು ಆಗಲೇ ಮೈಕಿನ ವೈರ್ ಜೊತೆ ಜಗಳಕ್ಕೆ ಬಿದ್ದಿದ್ದರು. ನನ್ನ ಮಾತು ಎಷ್ಟು ಕಿವಿಗೆ ಬಿತ್ತೋ.

ಅಷ್ಟರಲ್ಲಿ ಸಿರವಾರದ ಸಾಹುಕಾರರು ಬಂದರು. ಕಾರ್ಡಿನಲ್ಲಿ ಅವರ ಹೆಸರಿರಲಿಲ್ಲ. ಆದರೆ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಟ್ಟವರನ್ನು ಬರಿಗೈಯಲ್ಲಿ ಕೂಡಿಸಲಾಗುತ್ತದೆಯೇ? ಹೆಡ್ ಮಾಸ್ತರ್ ಗಾಬರಿಯಿಂದ ಟೇಬಲ್ ಕಡೆ ಕೈ ಹಾಕಿದರು. ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಮಲಗಿದ್ದವು, ನನ್ನದೊಂದೇ ಬಿಚ್ಚಿದ್ದು. ಸಿಕ್ಕಿದ್ದೇ ತಡ, ನನ್ನ ತೊಂಬತ್ತು ಸಾಲು ಸಾಹುಕಾರರ ಹೆಗಲೇರಿತು.

ಎದ್ದು ನಿಂತು 'ಅದು ನಮ್ಮಕ್ಕಂದು!' ಅನ್ನಬೇಕಿತ್ತು. ಎದ್ದು ನಿಂತದ್ದು ಖರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿ ಕೂತೆ. ಎಂಥ ಹೇಡಿ ನೋಡಿ! ಅಕ್ಕನಿಗೆ ಒಂದರ ಮೇಲೊಂದು ಎಂಟು ರೆಡಿಮೇಡ್ ಶಾಲು ಬಿದ್ದವು. ಮೇ ತಿಂಗಳು. ಪಾಪ, ಬೆಂದು ಹೋದಳು.

ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಐದನೇ ದಿನ ಹೆಂಡತಿ, 'ಹೋಗಿ ಕೇಳ್ರಿ. ಇಲ್ಲಾಂದ್ರ ಮತ್ತ ಗುಟ್ಕಾ ಹಚ್ತೀರಿ' ಅಂದಳು. ಹೋದೆ.

ಸಾಹುಕಾರರು ಒಳ್ಳೆಯವರು. 'ಯಾವ ಶಾಲ್ರೀ?' ಅಂತ ಒಂದು ಕೋಣೆಯ ಬಾಗಿಲು ತೆಗೆದರು. ನೆಲದಿಂದ ಕಿಟಕಿಯವರೆಗೆ ಶಾಲು! ಸನ್ಮಾನ ಮುಗಿದು ಮತ್ತೆ ಕವರು ಸೇರಿದ್ದು ಒಂದೂ ಹೊರಗೆ ಬಂದಿಲ್ಲ. ಇಷ್ಟು ಗೌರವವನ್ನು ಒಬ್ಬ ಮನುಷ್ಯ ಎಲ್ಲಿ ಅಂತ ಇಟ್ಟುಕೊಳ್ಳಬೇಕು? ನಾನು ಅರ್ಧ ತಾಸು ಹುಡುಕಿದೆ. ನನ್ನದಿಲ್ಲ. ಕಡೆಗೆ, 'ಭತ್ತದ ತೆನಿ ಇದ್ದದ್ದುರೀ, ಕೈಲೆ ಹೆಣದದ್ದು' ಅಂದೆ.

'ಅಯ್ಯ, ಅದೇನ್ರಿ? ಅದು ಕಾರಾಗ ಅದ. ಎಸಿ ಗಾಳಿಗೆ ಮೊಣಕಾಲ ಹಿಡೀತಾವ, ಹೊದ್ಕೋತೀನಿ. ಭಾಳ ಬೆಚ್ಚಗ ಅದ ನೋಡ್ರಿ.'

ಸಂಕೋಚದಿಂದ ನಡೆದದ್ದನ್ನೆಲ್ಲ ಹೇಳಿದೆ. ತಾವೇ ಕಾರಿನ ತನಕ ಹೋಗಿ, ಶಾಲು ಝಾಡಿಸಿ, ಮಡಚಿ ತಂದುಕೊಟ್ಟರು. ಬರಿಗೈಯಲ್ಲಿ ಹೋಗಬಾರದು ಅಂತ ಆ ಕೋಣೆಯಿಂದ ಒಂದು ಶಾಲು ತಂದು ನನಗೇ ಹೊದಿಸಿಬಿಟ್ಟರು. (ಜೀವನದಲ್ಲಿ ನನಗಾದ ಮೊದಲ ಸನ್ಮಾನ. ಸಾಕ್ಷಿ, ಒಂದು ಎಮ್ಮೆ.)

ಅಲ್ಲಿಂದ ಸೀದಾ ದೇವದುರ್ಗ. ಅಕ್ಕ ಶಾಲು ತಗೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಮುಂದೆ ನೋಡಿದಳು, ತಿರುವಿ ಹಿಂದೆ ನೋಡಿದಳು. ನಾನು ರಿಸಲ್ಟ್ ಕಾಯುವ ಹುಡುಗನಂತೆ ಉಸಿರು ಹಿಡಿದು ನಿಂತಿದ್ದೆ.

'ಲೇ ತಮ್ಮಾ, ಮೂರನೇ ಸಾಲಾಗ ಒಂದು ಕುಣಿಕಿ ಬಿಟ್ಟೀದಿ. ಅದಕ್ಕ ಒಂದ ಕಡಿ ಎಳದದ.'

ಅಷ್ಟಂದವಳೇ ಕೊನೆಯ ಗಂಟು ಹುಡುಕಿ ಸರ್ರನೆ ದಾರ ಎಳೆದಳು. ಮೂರನೇ ಸಾಲು ಮುಟ್ಟಬೇಕಾದರೆ ಕೊನೆಯಿಂದಲೇ ಬಿಚ್ಚುತ್ತ ಬರಬೇಕಲ್ಲ? ಒಂದೊಂದೇ ತೆನೆ ಹೋಗುತ್ತಿತ್ತು. ಉಂಡೆ ಸುತ್ತಲು ನನ್ನನ್ನೇ ಎದುರಿಗೆ ಕೂಡಿಸಿಕೊಂಡಿದ್ದಳು. ನನಗೆ ಕಣ್ಣಲ್ಲಿ ನೀರು, ಮೈಯೆಲ್ಲ ಸಿಟ್ಟು. ಮೂಲೆಯಲ್ಲಿ ಸನ್ಮಾನದ ಎಂಟು ಶಾಲು ಮತ್ತೆ ಕವರು ಸೇರಿ ಬಿದ್ದಿದ್ದವು. ತಡೆಯಲಾಗಲಿಲ್ಲ.

'ಅವನ್ನ ಒಂದನ್ನರೆ ತಗದು ತಪ್ಪು ನೋಡೀದೇನು? ನಂದೇ ಯಾಕ ಬಿಚ್ತೀದಿ?'

ಅಕ್ಕ ತಲೆ ಎತ್ತಲಿಲ್ಲ. 'ಅವು ಬಿಚ್ಚಿ ಹೆಣಿಯೋ ಲಾಯಕ್ ಇಲ್ಲಲೇ. ಇದು ಅದ.'

ಇದನ್ನು ನಾನು 'ಚಲೋ ಮಾಡೀದಿ' ಅಂತಲೇ ತಿಳಿದುಕೊಂಡೆ. ನೀವೇನಂತೀರಿ?