ಫ್ಯಾನಿನ ಕೆಳಗಿನ ಬೆಡ್

ಸಂಡೂರು ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನಾನು ಎತ್ತಿದ ಕೈ. ಕಳೆದ ವಾರ ಅದೇ ಜಾಣತನದಿಂದ ನನ್ನ ಚಿಕ್ಕಮ್ಮನನ್ನು ಹೆಚ್ಚುಕಮ್ಮಿ ಮೇಲಕ್ಕೆ ಕಳಿಸಿಬಿಟ್ಟಿದ್ದೆ.

ಕಂಪ್ಲಿಯ ಚಿಕ್ಕಮ್ಮನಿಗೆ ಡೆಂಗ್ಯೂ. ಹೊಸಪೇಟೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. (ಹೆಸರು ಹೇಳುವುದಿಲ್ಲ. ಆಕೆ ಇನ್ನೂ ಅಲ್ಲೇ ಇದ್ದಾಳೆ!) ಮಳೆ ನಿಂತ ಮೇಲೆ ನಮ್ಮ ಕಡೆ ಜ್ವರಕ್ಕೆ ಸುಗ್ಗಿ. ವಾರ್ಡು ತುಂಬಿ, ಕಾರಿಡಾರು ತುಂಬಿ, ಮೆಟ್ಟಿಲ ಕೆಳಗೂ ಒಂದು ಮಂಚ. ಚಿತ್ತವಾಡ್ಗಿಯ ಯಜಮಾನರೊಬ್ಬರು ಔಷಧಿ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಮಲಗಿದ್ದರು. ಮಾತ್ರೆ ತರಲು ಹೋದವರೆಲ್ಲ ಅವರನ್ನು ದಾಟಿಯೇ ಹೋಗಬೇಕು.

ಚಿಕ್ಕಮ್ಮನಿಗೆ ಸಿಕ್ಕಿದ್ದು ಹದಿನಾರನೇ ಬೆಡ್. ಸೆಖೆಗೆ ಒದ್ದಾಡುತ್ತಿದ್ದಳು. ಫ್ಯಾನು ತಿರುಗುತ್ತಿದ್ದುದು ಹದಿನಾಲ್ಕರ ಮೇಲೆ. ಅಲ್ಲಿ ದರೋಜಿಯ ಹುಲಿಗೆಮ್ಮ ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು.

"ಅಮ್ಮಾ, ಈ ಕಡಿ ಬರ್ತೀರೇನ್ರಿ?" ಎಂದೆ.

"ಬರ್ತೀನಪ್ಪಾ. ಈ ಗಾಳಿಗೆ ಸಾಯಾಕತ್ತೀನಿ," ಎಂದರು.

ಐದೇ ನಿಮಿಷ. ಟವೆಲ್ ಹಾಕಿದೆ, ಇಬ್ಬರನ್ನೂ ಬದಲಿಸಿದೆ. ಇಬ್ಬರೂ ಖುಷ್. ಯಾರನ್ನಾದರೂ ಕೇಳಬೇಕು ಅನಿಸಿತೇ? ಕಿಟಕಿ ಪಕ್ಕ ಕೂರಲು ನಾವು ಯಾವತ್ತಾದರೂ ಕಂಡಕ್ಟರನ್ನು ಕೇಳಿದ್ದೇವೆಯೇ?

ಆಮೇಲೆ ಕೆಳಗಿಳಿದು, ಚಹಾ ಕುಡಿಯುತ್ತ, ಮೊಬೈಲಿನಲ್ಲಿ ಈ ವಾರದ ಅಂಕಣ ಬರೆಯತೊಡಗಿದೆ. ಶೀರ್ಷಿಕೆ 'ವೈದ್ಯಕೀಯ ನಿರ್ಲಕ್ಷ್ಯ'. ಎರಡು ಪ್ಯಾರಾ ಭರ್ಜರಿಯಾಗಿ ಬಂದವು. (ಬೈಯುವಾಗ ನನ್ನ ಭಾಷೆ ಚೆನ್ನಾಗಿರುತ್ತದೆ ಅಂತ ನೀವೇ ಪತ್ರ ಬರೆದಿದ್ದೀರಿ.)

ಮೇಲೆ ಬಂದಾಗ ಸಿಸ್ಟರ್ ಸಿರಿಂಜ್ ಹಿಡಿದು, "ಹದಿನಾಲ್ಕು, ಕೈ ಚಾಚ್ರಿ" ಅನ್ನುತ್ತಿದ್ದರು. ಚಿಕ್ಕಮ್ಮ ಮರುಮಾತಿಲ್ಲದೆ ಕೈ ಚಾಚಿದಳು. ಸೂಜಿ ಇನ್ನೇನು ಚುಚ್ಚಬೇಕು, ಆಚೆ ಮಂಚದಿಂದ ಹುಲಿಗೆಮ್ಮ ಕಂಬಳಿ ಕಿತ್ತೆಸೆದು ಎದ್ದು ಕೂತರು.

"ಏ ಸಿಸ್ಟರಮ್ಮಾ! ಅದು ನನ್ನ ಸಕ್ಕರಿ ಸೂಜಿ! ಆಕಿಗ್ಯಾಕ ಕೊಡ್ತಿ?"

ಇನ್ಸುಲಿನ್. ನನ್ನ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಎರಡು ದಿನದಿಂದ ಹೊಟ್ಟೆಗೆ ಗಂಜಿಯೂ ಸರಿಯಾಗಿ ಇಳಿದಿರಲಿಲ್ಲ. ಅದು ಒಳಗೆ ಹೋಗಿದ್ದರೆ?

"ಯಾರ್ರೀ ಬೆಡ್ ಬದ್ಲಿ ಮಾಡಿದ್ದು?" ಸಿಸ್ಟರ್ ಕೂಗಿದರು.

ಇಡೀ ವಾರ್ಡು ನನ್ನತ್ತ ತಿರುಗಿತು. ಅಷ್ಟು ಜ್ವರದಲ್ಲೂ ಬೆರಳು ತೋರಿಸುವ ಶಕ್ತಿ ಎಲ್ಲಿಂದ ಬರುತ್ತದೋ!

"ನೀವು ಹೆಸರು ಕೇಳಬೇಕಿತ್ತಲ್ರಿ?" ಎಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಕೇಳಬೇಕಿತ್ರಿ. ತಪ್ಪು ನಂದೂ ಐತಿ," ಎಂದರು ಸಿಸ್ಟರ್. ಸೂಜಿಗೆ ಮುಚ್ಚಳ ಹಾಕಿದರು. "ಉಳಿದ ದಿನ ಕೇಳ್ತೀನಿ. ಈಗ ಇಬ್ರು ಮಾಡೋ ಕೆಲ್ಸ ಒಬ್ಬಾಕಿ ಮಾಡಾಕತ್ತೀನಿ. ಇನ್ನೊಬ್ಬಾಕಿ ಅಲ್ಲಿ ಅದಾಳ ನೋಡ್ರಿ, ಇಪ್ಪತ್ತೆರಡು."

ಇಪ್ಪತ್ತೆರಡನೇ ಬೆಡ್ಡಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದವಳು ಮತ್ತೊಬ್ಬ ಸಿಸ್ಟರ್. ಜ್ವರ ಬಂದಿದ್ದೇ ತಡ, ಜೊತೆಗೆ ಕೆಲಸ ಮಾಡುವವರ ಬಾಯಲ್ಲೂ ಅವಳು ನಂಬರಾಗಿದ್ದಳು.

ಮಳೆ ಕೈಕೊಡಬಹುದು, ಜ್ವರ ಕೈಕೊಡುವುದಿಲ್ಲ. ವರ್ಷ ವರ್ಷ ತಪ್ಪದೆ ಬರುತ್ತದೆ. ಆಸ್ಪತ್ರೆ ನಡೆಸುವವರಿಗೂ ಗೊತ್ತು, ಅದಕ್ಕೇ ಮುಂಚಿತವಾಗಿ ಮಂಚ ತರಿಸಿಡುತ್ತಾರೆ. ಮಂಚದ ಜೊತೆ ಇನ್ನಿಬ್ಬರು ಸಿಸ್ಟರುಗಳನ್ನು ಕರೆಸಲು ಇವರಿಗೇನು ರೋಗ? ಹೆಸರು ಕೇಳಲೂ ಪುರುಸೊತ್ತಿಲ್ಲದ ಕಡೆ ಜೀವ ಹೋಗಲು ನನ್ನಂಥ ಒಬ್ಬ ಅಧಿಕಪ್ರಸಂಗಿ ಸಾಕು. ನಮ್ಮಲ್ಲಿ ಅಂಥವರಿಗೇನು ಬರವೇ?

ಸಿಸ್ಟರ್ ಇಬ್ಬರ ಫೈಲುಗಳನ್ನೂ ಅದಲುಬದಲು ಮಾಡಿದರು. ಪ್ಲಾಸ್ಟರ್ ಹರಿದು, ಹೆಸರು ಬರೆದು, ಇಬ್ಬರ ಮಣಿಕಟ್ಟಿಗೂ ಅಂಟಿಸಿದರು. ನಾನು ಮೊಬೈಲಿನ ಎರಡು ಪ್ಯಾರಾ ಅಳಿಸಿದೆ. ಬೇಜಾರಾಯಿತು, ಚೆನ್ನಾಗಿದ್ದವು.

ಸಿಸ್ಟರ್ ಅತ್ತ ಹೋದ ಮೇಲೆ ಚಿಕ್ಕಮ್ಮನ ಡ್ರಿಪ್ ಬಾಟಲಿ ನೋಡಿದೆ. ಹನಿ ಭಾಳ ನಿಧಾನ ಅನಿಸಿತು. ಎದ್ದು ನಿಂತು, "ಸ್ವಲ್ಪ ಜೋರು ಬಿಡ್ಲೇನು?" ಅಂತ ಕೈ ಚಾಚಿದೆ.

"ಲೇ ತಮ್ಮಾ," ಎಂದಳು ಚಿಕ್ಕಮ್ಮ, "ನೀ ಮನಿಗೆ ಹೋಗು. ನಾ ಇನ್ನಾ ಬದುಕಬೇಕು."