ಬಂಡೆಯ ಮೇಲಿನ ಊರಿನಲ್ಲಿ ಬರಿಗಾಲು

ನಾನು ಇಟಲಿ ನೋಡಿ ಬಂದಿದ್ದೇನೆ ಎಂದರೆ ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬಿದವರು, "ಸೀರೆಯಲ್ಲೇ ಹೋಗಿದ್ದಿರಾ?" ಎಂದು ಕೇಳುತ್ತಿದ್ದರು. ಹೌದು, ಸೀರೆಯಲ್ಲೇ ಹೋಗಿದ್ದೆ. ಮೇಲೊಂದು ಸ್ವೆಟರ್, ಕಾಲಿಗೆ ಠಾಣೆ ಸ್ಟೇಷನ್ನಿನ ಹತ್ತಿರ ಕೊಂಡ ಹೊಸ ಚಪ್ಪಲಿ. ಇಟಲಿಗೆ ಹೋಗಲು ಇನ್ನೇನು ಬೇಕು?

ಎಂಬತ್ತರ ದಶಕದ ಆರಂಭದ ಮಾತು. ನನ್ನ ಗಂಡ ಅಲ್ಲಿನ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿದ್ದರು. ಇಟಲಿಯಿಂದ ತರಿಸಲಿದ್ದ ಯಂತ್ರದ ಕೆಲಸ ಕಲಿಯಲು ಕಂಪನಿ ಅವರನ್ನು ಅಲ್ಲಿಗೆ ಕಳಿಸಿತು. ನಾನು ಕೇಳಿರಲೇ ಇಲ್ಲ, "ನೀನೂ ಬಾ, ಇಲ್ಲಿ ಒಬ್ಬಾಕೀನ ಕೂತು ಏನ್ ಮಾಡ್ತಿ?" ಎಂದು ಅವರೇ ನನ್ನ ಟಿಕೆಟ್ಟೂ ತೆಗೆಸಿದರು. ಆ ವರ್ಷ ನಮ್ಮ ಎರಡನೆಯ ಕೂಸೂ ಹೊಟ್ಟೆಯಲ್ಲೇ ಹೋಗಿತ್ತು. ಇನ್ನು ಆ ಆಸೆ ಬಿಡಿ ಎಂದು ಡಾಕ್ಟರು ಹೇಳಿಯಾಗಿತ್ತು.

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ, "ಗೋಡ್ ಬಾತ್ಮೀ ಕಧೀ?" ಎಂದು ಮರಾಠಿಯಲ್ಲಿ ಸಿಹಿ ಸುದ್ದಿ ಕೇಳುತ್ತಿದ್ದವರು ಆಮೇಲೆ ನನ್ನನ್ನು ಕಂಡರೆ ಸುಮ್ಮನೆ ಪಕ್ಕಕ್ಕೆ ಸರಿಯತೊಡಗಿದರು. ಅದನ್ನು ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ನನ್ನ ಗಂಡನ ಮೌನ. ಆಸ್ಪತ್ರೆಯಿಂದ ನನ್ನನ್ನು ಮನೆಗೆ ಕರೆತಂದವರು ಮರುದಿನವೇ ಡಬ್ಬಿ ಹಿಡಿದು ಕೆಲಸಕ್ಕೆ ಹೋದರು. ಕೂಸಿನ ಬಗ್ಗೆ ಒಂದು ಮಾತೂ ಇಲ್ಲ. ಈ ಮನುಷ್ಯನಿಗೆ ನಿಜವಾಗಿಯೂ ಏನೂ ಅನ್ನಿಸುವುದೇ ಇಲ್ಲವೇ? ಇಟಲಿಯ ವಿಮಾನದಲ್ಲಿ ಅವರ ಪಕ್ಕ ಕುಳಿತಾಗಲೂ ನನಗೆ ಇದೇ ಕುದಿ. ಕೇಳೋಣವೆಂದರೆ, ಏನು ಉತ್ತರ ಬಂದೀತೋ ಎಂಬ ಭಯ.

ಒಂದು ಭಾನುವಾರ ಕಾರ್ಖಾನೆಗೆ ರಜೆ. ಹತ್ತಿರದಲ್ಲೇ ಹಳೆಯದೊಂದು ಊರಿದೆ, ನೋಡಿ ಬನ್ನಿ ಎಂದು ಅಲ್ಲಿನವರು ಬಸ್ಸು ಹತ್ತಿಸಿದರು. ಬಸ್ಸು ತಿರುಗಿ ತಿರುಗಿ ಏರಿ ಬಂಡೆಯ ನೆತ್ತಿಯಲ್ಲಿ ನಮ್ಮನ್ನು ಇಳಿಸಿತು. ಕಡಲಿನಿಂದ ಬರುವ ಕಳ್ಳರಿಗೆ ಹೆದರಿ ಹಿಂದಿನವರು ಅಷ್ಟು ಎತ್ತರದಲ್ಲಿ ಊರು ಕಟ್ಟಿಕೊಂಡಿದ್ದರಂತೆ. ಬಿಳಿ ಮನೆಗಳು, ಓಣಿ ಎಂದರೆ ಬರೀ ಮೆಟ್ಟಿಲು. ಇಣುಕಿದರೆ ನೇರ ಕೆಳಗೆ ನೀಲಿ ನೀರು, ನನಗೆ ತಲೆ ಗಿರ್ರೆಂದಿತು. ಹಲಗೆಯ ಮೇಲೆ ಟೊಮೆಟೊ ಹೋಳು ಒಣಹಾಕಿದ್ದರು. ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ ಕಟ್ಟಿ ಬನಿಯನ್, ಚಾದರ ಹರವಿದ್ದರು. ಅದನ್ನು ನೋಡಿ ನನಗೆ ಧೈರ್ಯ ಬಂತು. ನಮ್ಮ ಚಾಳುಗಳ ಹಾಗೆಯೇ ಇದೂ ಜನ ಬಾಳುವ ಜಾಗ.

ಊರ ತುದಿಗೆ ಹಳೆಯ ಚರ್ಚು. ಬಾಗಿಲಿಗೆ ಬಂದದ್ದೇ ತಡ, ನನ್ನ ಕಾಲು ತಾನಾಗಿ ಚಪ್ಪಲಿ ಕಳಚಿ ಗೋಡೆಯ ಬದಿಗೆ ಜೋಡಿಸಿಟ್ಟಿತು.

"ಇಲ್ಲೆ ಯಾರೂ ಬಿಡಂಗಿಲ್ಲ, ಹಾಕ್ಕೋ," ಎಂದರು ಇವರು.

"ದೇವರ ಮನಿ ಯಾರದಾದರೇನ್ರಿ? ಚಪ್ಪಲ್ ಹಾಕ್ಕೊಂಡು ನನಗ ಒಳಗ ಹೋಗಲಿಕ್ಕೆ ಆಗಂಗಿಲ್ಲ."

ಇವರು ಬೂಟು ಹಾಕಿಕೊಂಡೇ ಒಳಗೆ ಬಂದರು. ನೆಲ ತಣ್ಣಗಿತ್ತು. ಕಪ್ಪು ಬಟ್ಟೆಯ ಮುದುಕಿಯರು ಜಪಮಾಲೆ ಎಣಿಸುತ್ತಿದ್ದವರು ನನ್ನ ಪಾದ ನೋಡಿ ತಮ್ಮತಮ್ಮಲ್ಲೇ ಗುಸುಗುಸು ಮಾಡಿದರು. ಸೀರೆ ನೋಡುತ್ತಿದ್ದಾರೆ ಎಂದುಕೊಂಡು ನಾನು ಸೆರಗು ಸರಿಮಾಡಿಕೊಂಡೆ.

ಹೊರಗೆ ಬಂದರೆ ಚಪ್ಪಲಿ ಇಲ್ಲ! ಸ್ವಲ್ಪ ದೂರದಲ್ಲಿ ಒಬ್ಬ ಮುದುಕಿ ಅವನ್ನು ಮುಂಗೈಗೆ ಸಿಕ್ಕಿಸಿಕೊಂಡು ನಿಂತಿದ್ದಳು, ಅದೂ ಧೂಳು ಒರೆಸಿ. ಕೊಡು ಎಂದು ಕೈ ಚಾಚಿದೆ, ತಲೆ ಅಲ್ಲಾಡಿಸಿದಳು. ಇವರು ತಮ್ಮ ಇಟಾಲಿಯನ್ ಹೊರತೆಗೆದರು. ಕಾರ್ಖಾನೆಯಲ್ಲಿ ಕಲಿತದ್ದು ಎಣ್ಣೆ, ಸ್ಕ್ರೂ, ನಿಲ್ಲಿಸು, ಅಷ್ಟೇ. ಅದರಲ್ಲಿ ಚಪ್ಪಲಿ ಎಲ್ಲಿಂದ ಬರಬೇಕು!

ಮುದುಕಿ ಕೆಳಗೆ ಬೆರಳು ತೋರಿಸಿದಳು. ಮೆಟ್ಟಿಲು ಇಳಿದರೆ ಕಡಲಿನ ಮೇಲೆ ಚಾಚಿದ ಬಂಡೆಯಲ್ಲಿ ಮೇರಿಮಾತೆಯ ಪುಟ್ಟ ಗುಡಿ. ಹರಕೆ ಹೊತ್ತವರು ಬರಿಗಾಲಲ್ಲಿ ಅಲ್ಲಿಗೆ ಹೋಗುವ ಪದ್ಧತಿ ಆ ಊರಲ್ಲಿತ್ತು ಎಂದು ಕಾರ್ಖಾನೆಯವರು ಆಮೇಲೆ ಹೇಳಿದರು. ಪರದೇಶದಿಂದ ಹರಕೆ ಹೊತ್ತು ಬಂದವಳು ಎಂದು ಅವಳು ನನ್ನನ್ನು ತಿಳಿದಿದ್ದಳು. ಆ ಹೊತ್ತಿಗೆ ನನಗೆ ತಿಳಿದದ್ದು ಒಂದೇ. ಅವಳು ಎರಡೂ ತೋಳು ಮಡಚಿ ಕೂಸನ್ನು ತೂಗುವ ಹಾಗೆ ಆಡಿಸಿ, ಹುಬ್ಬೇರಿಸಿ, ಇದಕ್ಕೇನಾ ಎಂದು ಕೇಳಿದಳು.

ಅಲ್ಲ ಎನ್ನಬಹುದಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಆಸ್ಪತ್ರೆಯಲ್ಲಿ ಬಾರದ ಅಳು ಆ ಅಪರಿಚಿತಳ ಮುಂದೆ ಒತ್ತರಿಸಿ ಬಂತು. ಅವಳು ನನ್ನ ಕೈ ಹಿಡಿದು ಮೆಟ್ಟಿಲಿಳಿಸತೊಡಗಿದಳು. ಬಿಸಿಲಿಗೆ ಕಲ್ಲು ಕಾದಿತ್ತು, ಅಂಗಾಲು ಚುರುಗುಟ್ಟುತ್ತಿತ್ತು. ಇವರು ಮೇಲೆಯೇ ನಿಂತು ಬಸ್ಸಿನ ಹೊತ್ತಾಯಿತೆಂದು ಗಡಿಯಾರ ನೋಡುತ್ತಿರಬೇಕು ಎಂದುಕೊಂಡು ಅರ್ಧ ದಾರಿಯಲ್ಲಿ ತಿರುಗಿ ನೋಡಿದೆ.

ಇವರು ಹಿಂದೆಯೇ ಇಳಿದು ಬರುತ್ತಿದ್ದರು. ಪ್ಯಾಂಟು ಮಡಚಿತ್ತು, ಒಂದು ಕೈಯಲ್ಲಿ ಬೂಟು, ಅದರೊಳಗೆ ತುರುಕಿದ ಕಾಲುಚೀಲ. ಕಾದ ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತಿದ್ದರು.

"ನೀವ್ಯಾಕ್ ಬಿಟ್ರಿ?" ಎಂದೆ.

"ಕಳಕೊಂಡಾಕಿ ನೀ ಒಬ್ಬಾಕೀನ ಏನು?" ಎಂದರು.

ಕೆಳಗೆ ಗುಡಿಯ ಎದುರು ಮುದುಕಿ ಏನೋ ಪಠಿಸಿದಳು, ನಾವು ಕೈ ಮುಗಿದು ನಿಂತೆವು. ಆಮೇಲೆ ಅವಳು ಬಾಗಿ ನನ್ನ ಚಪ್ಪಲಿಯನ್ನು ಕಾಲ ಬಳಿ ಇಟ್ಟಳು. ಹಿರಿಯಳು ಹಾಗೆ ಮಾಡಿದ್ದಕ್ಕೆ ನನಗೆ ನಾಚಿಕೆಯಾಗಿ ಅವಳ ಪಾದ ಮುಟ್ಟಿ ನಮಸ್ಕರಿಸಿದೆ. ಅವಳು ಗಾಬರಿಯಾಗಿ ಹಿಂದೆ ಸರಿದಳು, ಆಮೇಲೆ ನಕ್ಕಳು.

ನಮಗೆ ಮಕ್ಕಳಾಗಲಿಲ್ಲ. ಡೊಂಬಿವಲಿಗೆ ಮರಳಿದ ಮೇಲೆ ಎದುರು ಬ್ಲಾಕಿಗೆ ಉಡುಪಿ ಕಡೆಯ ಹೋಟೆಲಿನವರ ಸಂಸಾರ ಬಂತು. ಆ ಮನೆಯಾಕೆ ಮೊದಲ ಸಲ ನಮ್ಮಲ್ಲಿಗೆ ಬಂದು ಕುಳಿತು, "ನಿಮಗೆ ಮಕ್ಕಳೆಷ್ಟು ಮಾರಾಯ್ರೆ?" ಎಂದು ಕೇಳಿದಳು. ನಾನು ಎಂದಿನಂತೆ ಚಹಾದ ನೆಪ ಮಾಡಿ ಒಳಗೆ ಎದ್ದು ಹೋದೆ.

"ಎರಡು ಇದ್ವು," ಎಂದು ಹೊರಗಿನಿಂದ ಇವರ ದನಿ ಕೇಳಿಸಿತು. "ಉಳೀಲಿಲ್ಲ."

ನಾನು ಸ್ಟವ್ ಸಣ್ಣದು ಮಾಡಿ ಹೊರಗೆ ಬಂದು ಅವರ ಪಕ್ಕ ಕುಳಿತೆ.